ಮನೆಮಾತಿನ ಪಾಠ

ನನ್ನ ಮಗಳಿಗೆ ವಾರಕ್ಕೊಮ್ಮೆ ಕನ್ನಡ ಪಾಠ. ಅದನ್ನು ಏರ್ಪಾಡು ಮಾಡಿದ್ದು ಲುಲೆಯೊದ ಕಮ್ಯೂನ್, ಅಂದರೆ ಇಲ್ಲಿಯ ನಗರಸಭೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ, ಕಲಿಸುವವರು ಸಿಕ್ಕರೆ, ಆ ಭಾಷೆಯನ್ನೂ ಶಾಲೆಯ ಕಡೆಯಿಂದಲೇ ಕಲಿಸುವುದು ಸ್ವೀಡನ್ನಿನ ಪದ್ಧತಿ. ನಮ್ಮೂರಲ್ಲಿ ಕನ್ನಡದ ಮಕ್ಕಳು ಬೆರಳೆಣಿಕೆಯಷ್ಟು. ಹಾಗಾಗಿ ಟೀಚರ್ ದೂರದ ದಕ್ಷಿಣದ ಊರೊಂದರಲ್ಲಿ ಕೂತು, ಬೇರೆ ಊರಿನ ಮಕ್ಕಳನ್ನೂ ಸೇರಿಸಿಕೊಂಡು, ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಾರೆ. ಮಗಳು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಲಾಡಿಸುತ್ತಾ ಕೂರುತ್ತಾಳೆ.

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಅವ್ವ ಗದಗಿನಿಂದ ಬಂದಳು. ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಇನ್ನೂ ಕರಗದ ಹಿಮ ಕಪ್ಪಗೆ ಗುಡ್ಡೆಯಾಗಿ ಬಿದ್ದಿತ್ತು. ಅವ್ವ ಸೀರೆಯ ಮೇಲೆ ನನ್ನ ಗಂಡನ ಜಾಕೆಟ್ ತೊಟ್ಟು ಅದನ್ನು ಕಾಲಿನಿಂದ ಒದ್ದು ನೋಡಿ, "ಇದs ಏನವ್ವಾ ನಿಮ್ಮ ಬರ್ಫ? ಇದಕ್ಕಿಂತ ನಮ್ಮೂರ ತಿಪ್ಪೀನs ಚಂದ ಐತಿ" ಅಂದಳು. ಮಗಳು ನಕ್ಕೂ ನಕ್ಕೂ ನೆಲಕ್ಕೆ ಕೂತಳು. ಅವತ್ತಿನಿಂದ ಅಜ್ಜಿಯ ಸೆರಗು ಬಿಡಲಿಲ್ಲ. ಏನು ಕೇಳಿದರೂ ಸ್ವೀಡಿಶ್‌ನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಎರಡೇ ವಾರದಲ್ಲಿ "ನಾ ಒಲ್ಲೆ", "ಇಲ್ಲಿ ಬಾರಬೇ" ಅನ್ನತೊಡಗಿದಳು. ಕೇಳಿ ನನ್ನ ಎದೆ ಉಬ್ಬುತ್ತಿತ್ತು. ಆದರೆ ಮನೆಯ ಬಾಗಿಲು ಮುಚ್ಚಿದ್ದಾಗ ಮಾತ್ರ.

ನನ್ನದೂ ಅದೇ ಮಾತು. ಮೈಸೂರಿನ ಹುಡುಗನನ್ನು ಮದುವೆಯಾದ ಹೊಸತರಲ್ಲಿ ಅವರ ಮನೆಯವರು ನಾನು ಬಾಯಿ ಬಿಟ್ಟರೆ ನಗುತ್ತಿದ್ದರು. ಪ್ರೀತಿಯಿಂದಲೇ ನಗುತ್ತಿದ್ದರು, ಇನ್ನೊಂದು ಸಲ ಹೇಳು ಅನ್ನುತ್ತಿದ್ದರು. ನಾನು ಇನ್ನೊಂದು ಸಲ ಹೇಳದೆ ಮಾತನ್ನೇ ತಿದ್ದಿಕೊಂಡೆ. ಇಲ್ಲಿಗೆ ಬಂದ ಮೇಲೆ ಕನ್ನಡದವರು ಸೇರಿದಾಗಲೆಲ್ಲ ನನ್ನನ್ನು ಬೆಂಗಳೂರಿನವಳೆಂದೇ ತಿಳಿಯುತ್ತಿದ್ದರು. ನಾನೂ ಅಲ್ಲ ಅನ್ನಲು ಹೋಗುತ್ತಿರಲಿಲ್ಲ.

ಒಂದು ದಿನ ಪಾಠ ನಡೆದಿತ್ತು. ಟೀಚರ್ ಒಂದು ಚಿತ್ರ ತೋರಿಸಿ ಏನಾಗ್ತಿದೆ ಹೇಳು ಅಂದರು.

"ಮಳಿ ಬರಾಕತ್ತೈತಿ" ಅಂದಳು ಮಗಳು, ಗಟ್ಟಿಯಾಗಿ.

ಟೀಚರ್ ಮುಗುಳ್ನಕ್ಕರು. "ಮಳೆ ಬರ್ತಾ ಇದೆ ಅನ್ಬೇಕು ಪುಟ್ಟಿ. ಹಾಗೆ ಮಾತಾಡೋಕೆ ಯಾರು ಹೇಳಿಕೊಟ್ರು?"

ಮಗಳು ಉತ್ತರಿಸುವ ಮೊದಲೇ ನಾನು ಅವಳ ಹಿಂದಿನಿಂದ ಬಗ್ಗಿ, "ಸಾರಿ ಮೇಡಂ, ಊರಿಂದ ಅವಳ ಅಜ್ಜಿ ಬಂದಿದಾರೆ, ಅದಕ್ಕೇ. ಅವರು ಹೋದ್ಮೇಲೆ ಸರಿಹೋಗತ್ತೆ" ಅಂದೆ. ಮಗುವಿಗೆ ನೆಗಡಿ ಅಂಟಿದೆ ಎಂದು ಹೇಳುವ ಧಾಟಿಯಲ್ಲಿ.

ತಿರುಗಿದರೆ ಅವ್ವ ಒಲೆಯ ಹತ್ತಿರ ನಿಂತಿದ್ದಳು. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದ ಅರಿವೆ ಕೈಯಲ್ಲೇ ಇತ್ತು. ರೊಟ್ಟಿ ತಿರುವಿ ಹಾಕಿದಳು.

ಸಂಜೆ ಮಗಳು ಪಾರ್ಕಿನಿಂದ ಓಡಿ ಬಂದಾಗ ಅವ್ವ ಅವಳ ಮುಂದೆ ತಟ್ಟೆ ಇಟ್ಟು, ನಿಧಾನಕ್ಕೆ, ಒಂದೊಂದೇ ಶಬ್ದ ಹುಡುಕಿಕೊಂಡು ಹೇಳಿದಳು: "ನಿನಗೆ ಹಸಿವು ಆಗಿದೆಯಾ? ಊಟವನ್ನು ಮಾಡು."

ಟಿವಿಯಲ್ಲಿ ವಾರ್ತೆ ಓದುವವರ ಕನ್ನಡ ಅದು. ನನ್ನ ಅವ್ವನ ಬಾಯಲ್ಲಿ ಅಂಥ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಗಳು ಪೆಚ್ಚಾಗಿ ನನ್ನ ಮುಖ ನೋಡಿದಳು. ಆಮೇಲೆ ಸ್ವೀಡಿಶ್‌ನಲ್ಲಿ, ಅಜ್ಜಿಗೆ ಸಿಟ್ಟು ಬಂದಿದೆಯಾ ಎಂದು ಕೇಳಿದಳು.

"ಹಿಂಗ್ಯಾಕ ಮಾತಾಡ್ತಿ ಅವ್ವಾ?" ಎಂದು ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ.

"ಕೂಸು ಸಾಲಿ ಕಲಿಯೂ ಹೊತ್ತಿನ್ಯಾಗ ನಂದೊಂದು ಅಡ್ಡ ಆಗಬಾರದಲ್ಲ" ಅಂದಳು. ದನಿಯಲ್ಲಿ ಮುನಿಸಿರಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದಿನಿಂದ ಅವಳು ಮೊಮ್ಮಗಳ ಜೊತೆ ಮಾತು ಕಡಿಮೆ ಮಾಡಿದಳು. ಆಡುವ ಮುಂಚೆ ತುಟಿ ಅಲುಗಿಸಿ ನೋಡಿಕೊಳ್ಳುತ್ತಿದ್ದಳು. ಮಗಳು ತನ್ನ ಸ್ವೀಡಿಶ್‌ಗೆ ಮರಳಿದಳು.

ನಾನು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ನಿವೃತ್ತಿಗೆ ಹತ್ತಿರದ ಒಬ್ಬ ಹೆಂಗಸಿದ್ದಾರೆ. ಫಿನ್‌ಲ್ಯಾಂಡಿನ ಗಡಿಯ ಹೊಳೆಯ ದಂಡೆಯವರು. ಒಮ್ಮೆ ಫೀಕಾ ಎನ್ನುವ ಬಿಡುವಿನ ಹೊತ್ತಿನಲ್ಲಿ, ಕಾಫಿ ಕುಡಿಯುತ್ತಾ, ಮನಸ್ಸು ತಡೆಯದೆ ಅವರಿಗೆ ಇದನ್ನು ಹೇಳಿದೆ, ನಾನಾಡಿದ ಮಾತೊಂದನ್ನು ಬಿಟ್ಟು. ಅವರು ತಮ್ಮ ಅಪ್ಪನ ಕತೆ ಹೇಳಿದರು. ಅಪ್ಪನ ಮನೆಮಾತು ಫಿನ್ನಿಶ್‌ಗೆ ಹತ್ತಿರದ, ಆ ಕಣಿವೆಯದೇ ಆದ ಭಾಷೆ. ಶಾಲೆಯಲ್ಲಿ ಅದನ್ನು ಆಡಲು ಬಿಡುತ್ತಿರಲಿಲ್ಲವಂತೆ, ಆಟದ ಬಯಲಿನಲ್ಲೂ. ದೊಡ್ಡವನಾದ ಮೇಲೆ ಆತ ಮಕ್ಕಳೆದುರು ಅದನ್ನು ಆಡಲೇ ಇಲ್ಲ. ಈಗ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟು ಕಲಿಯಿರಿ ಅನ್ನುತ್ತಿದೆ. "ಕಲೀತಾ ಇದ್ದೀನಿ, ಆದ್ರೆ ಆಡೋಕೆ ಅಪ್ಪ ಇಲ್ಲ" ಅಂದರು. ಆಮೇಲೆ ಸಹಜವಾಗಿ ಕೇಳಿದರು: "ನಿಮ್ಮಮ್ಮನಿಗೆ ಯಾರು ಬೇಡ ಅಂದ್ರು? ಶಾಲೆಯೋರಾ?"

ನಾನು ಅಲ್ಲ ಎಂದು ತಲೆಯಾಡಿಸಿ ಕಪ್ಪು ತೊಳೆಯಲು ಎದ್ದೆ.

ಮರುದಿನ ಟೀಚರಿಗೆ ಫೋನ್ ಮಾಡಿದೆ. ಅವರ ಕೈಲೂ ತಪ್ಪೊಪ್ಪಿಸುವ ಉದ್ದೇಶ ಸ್ವಲ್ಪ ಇತ್ತು. ನನ್ನ ಭಾರವನ್ನು ಅವರ ಮೇಲೂ ಒಂದಿಷ್ಟು ಹೊರಿಸಬಹುದು ಅನ್ನಿಸಿತ್ತು. ಅವರು ಪೂರ್ತಿ ಕೇಳಿಸಿಕೊಂಡರು. ಮತ್ತೆ ಮಾತಾಡಿದಾಗ ಅವರ ಕನ್ನಡವೇ ಬೇರೆಯಾಗಿತ್ತು.

"ನಮ್ಮ ಮನೇಲಿ ತುಳು ಮಾರಾಯ್ರೇ. ಕನ್ನಡ ನಾನು ಶಾಲೆಗೆ ಹೋಗಿ ಕಲ್ತದ್ದು. ನಮ್ಮೂರ ಕಡೆಯ ಆ ಕನ್ನಡ ಮಾತಾಡಿದ್ರೆ ಇಲ್ಲಿಯ ಕನ್ನಡದವರು ಸಿನಿಮಾದ ಹಾಗೆ ಉಂಟು ಅಂತ ನಗಾಡ್ತಾರೆ. ಈ ಪಾಠದ ಕನ್ನಡ ಉಂಟಲ್ಲ, ಅದು ನನ್ನದೂ ಅಲ್ಲ. ಅಮ್ಮನಿಗೆ ಬೇಜಾರಾಯ್ತಾ?"

ನಾವಿಬ್ಬರೂ ನಗಲು ನೋಡಿದೆವು. ನಗು ಬರಲಿಲ್ಲ. ಕನ್ನಡದ ಪಾಠ ಬೇಕೆಂದು ಕೇಳಿದವಳು ನಾನು, ಕಲಿಸುವವರು ಅವರು. ಇಬ್ಬರೂ ನಮ್ಮ ನಾಲಗೆಯನ್ನು ಬಚ್ಚಿಟ್ಟುಕೊಂಡು ಒಂದು ಮಗುವಿಗೆ ಮನೆಮಾತು ಕಲಿಸಲು ಹೊರಟಿದ್ದೆವು. ಹಾಗೆ ಬಚ್ಚಿಡಿರಿ ಎಂದು ಈ ದೇಶದ ಯಾವ ಕಾನೂನೂ ಹೇಳಿರಲಿಲ್ಲ.

ಮುಂದಿನ ಪಾಠಕ್ಕೆ ಟೀಚರ್ ಅವ್ವನನ್ನು ಕರೆದರು, ಮಕ್ಕಳಿಗೆ ಒಂದು ಕತೆ ಹೇಳಿ ಎಂದು. ಅವ್ವ ಮೊದಲು ಒಪ್ಪಲಿಲ್ಲ. ಮಗಳು ಕೈಹಿಡಿದು ಎಳೆದುಕೊಂಡು ಹೋಗಿ ಕೂರಿಸಿದಳು. ಅವ್ವ ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಶುರುಮಾಡಿದಳು: "ಒಂದು ಊರಿನಲ್ಲಿ ಒಂದು ನರಿ ಇತ್ತು. ಅದಕ್ಕೆ…" ಅಲ್ಲಿಗೆ ನಿಂತುಬಿಟ್ಟಿತು. ಶಬ್ದ ಸಿಗಲಿಲ್ಲ.

"ನಿಮ್ಮ ಮಾತಿನಲ್ಲೇ ಹೇಳಿ ಅಮ್ಮಾ, ನಮಗೆಲ್ಲ ಅದೇ ಬೇಕು" ಅಂದರು ಟೀಚರ್.

ಅವ್ವ ಪರದೆ ನೋಡಲಿಲ್ಲ. ಹಿಂತಿರುಗಿ ನನ್ನನ್ನು ನೋಡಿದಳು.

"ಹೇಳ್ಲೇನವ್ವಾ?"

ನನಗೆ ಮಾತು ಕಲಿಸಿದವಳು ತನ್ನ ಮಾತು ಆಡಲು ನನ್ನ ಅಪ್ಪಣೆ ಕೇಳುತ್ತಿದ್ದಳು. ಅವಳ ಕಣ್ಣು ನೋಡಲಾಗಲಿಲ್ಲ. ಹ್ಞೂಂ ಎಂದು ತಲೆಯಾಡಿಸಿದ್ದು ಅವಳಿಗೆ ಕಂಡಿತೋ ಇಲ್ಲವೋ. ಕತೆ ಮತ್ತೆ ಶುರುವಾಯಿತು, ಗದಗಿನ ಮಾತಿನಲ್ಲಿ. ನರಿಯ ಬಾಲ ಬಾಗಿಲಲ್ಲಿ ಸಿಕ್ಕಿಕೊಂಡಿತು, ಮಗಳು ಕಿಲಕಿಲ ನಗತೊಡಗಿದಳು. ನಾನು ಗೋಡೆಯ ಕಡೆ ತಿರುಗಿ ಒಣಗಿದ್ದ ಪಾತ್ರೆಗಳನ್ನೇ ಮತ್ತೆ ಒರೆಸುತ್ತಾ ನಿಂತೆ.