ಬಾಟಲಿ ಮೂಸುತ್ತಿದ್ದ ಕಂಪೌಂಡರು

ಅವರ ಮೂಗು ಗಿಣಿಯ ಕೊಕ್ಕಿನ ಹಾಗೆ ಬಾಗಿತ್ತು. ನಾವು ಒಯ್ದ ಬಾಟಲಿಯ ಬಾಯಿಗೆ ಅದನ್ನು ಹಿಡಿದು, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆಯುತ್ತಿದ್ದರು. ಔಷಧಿ ಹುಯ್ಯುವುದು ಆಮೇಲೆ.

ಸಿರುಗುಪ್ಪದ ಕಡೆ ನಮ್ಮೂರ ಸಣ್ಣ ದವಾಖಾನೆಗೆ ಅವರು ಕಂಪೌಂಡರು. ಆಗ ಔಷಧಿ ನೀರಿಗೆ ಬಾಟಲಿ ಮನೆಯಿಂದಲೇ ಒಯ್ಯಬೇಕಿತ್ತು. ಬಡವರ ಮನೆಯಲ್ಲಿ ಬಾಟಲಿ ಎಲ್ಲಿಂದ ಬರಬೇಕು? ಸಾರಾಯಿ ಖಾಲಿಯಾಗಿ ಉಳಿದದ್ದೇ. ವಾಸನೆ ಬಂದರೆ ಅದನ್ನು ಪಕ್ಕಕ್ಕಿಟ್ಟು, ಕುಡಿಯುವವನನ್ನು ಕರೆಸಿ, ಬೆಂಚಿನ ಮೇಲೆ ಕೂರಿಸಿ, ಕೈ ಚಾಚಿಸಿ ಬೆರಳು ನಡುಗುತ್ತವೆಯೇ ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ ಮಾತು: “ಮುಂಜಾನಿ ಎದ್ದ ಕೂಡ್ಲೆ ಬೇಕನಸತೈತೇನು?” ಇಲ್ಲ ಎಂದವನಿಗೆ, “ಹಂಗಾದ್ರ ಇನ್ನಾ ಹೊತ್ತೈತಿ, ಈಗ ಬಿಡು” ಎನ್ನುತ್ತಿದ್ದರು. ಹೌದು ಎಂದವನನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು.

ಡಾಕ್ಟರು ವಾರಕ್ಕೆರಡು ಸಲ ಬಂದು ಇದನ್ನೆಲ್ಲ ನೋಡಿ ನಗುತ್ತಿದ್ದರು. ಒಬ್ಬ ಕುಡುಕ ಸಾಲಿನಲ್ಲೇ ಕೆಣಕಿದ್ದ: “ಸಾಮಿ, ಮೂಸಿ ಮೂಸಿ ನಿಮಗ ನಿಶಾ ಏರಿರ್ಬೇಕಲ್ರಿ.”

“ಏರೈತಿ. ನೀ ಕೈ ಚಾಚು” ಎಂದರು.

ಬಿಟ್ಟವರು ಎಷ್ಟು ಮಂದಿ ಎಂದು ನಾನೇ ಒಮ್ಮೆ ಕೇಳಿದೆ. ಇಬ್ಬರು, ಅದರಲ್ಲಿ ಒಬ್ಬ ಹಾವು ಕಡಿದು ಸತ್ತ ಎಂದರು.

ಹೆಂಗಸರ ಪಾಡು ಬೇರೆ. ಸಾಲಿನಲ್ಲಿ ಹಿಂದೆ ಬೀಗತಿ ನಿಂತಿರುತ್ತಾಳೆ, ಪಕ್ಕದ ಮನೆಯವಳು ನಿಂತಿರುತ್ತಾಳೆ. ಬಾಟಲಿ ಪಕ್ಕಕ್ಕೆ ಹೋಯಿತೆಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಅದಕ್ಕೆ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬೇವಿನೆಲೆ ಕುದಿಸಿದ ನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗಿಡುತ್ತಿದ್ದೆವು. ಒಬ್ಬರಿಗೊಬ್ಬರು ಇದನ್ನು ಕಲಿಸಿದೆವು. ಎಲ್ಲರಿಗಿಂತ ಚೆನ್ನಾಗಿ ತೊಳೆಯುತ್ತಿದ್ದವಳು ನಾನು.

ನನ್ನ ಗಂಡ ಅಕ್ಕಿ ಗಿರಣಿಯ ಹಮಾಲ. ಹೊಟ್ಟೆಯುರಿ ಎನ್ನುತ್ತಿದ್ದ. ತಿಂಗಳಿಗೊಮ್ಮೆ ನಾನು ಬಾಟಲಿ ಹಿಡಿದು ಹೋಗುತ್ತಿದ್ದೆ. ಕಂಪೌಂಡರು ಮೂಸಿ, ಏನೂ ಸಿಗದೆ, ಬಿಳಿ ಔಷಧಿ ಹುಯ್ದು ಕೊಡುತ್ತಿದ್ದರು. ಹೀಗೇ ಒಂದು ವರ್ಷ ನಡೆಯಿತು. ಒಂದು ದಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಇಷ್ಟು ಸ್ವಚ್ಛ ಬಾಟ್ಲಿ ಡಾಕ್ಟರ ಮನ್ಯಾಗೂ ಇರಂಗಿಲ್ಲ. ತಂಗೀ, ಮನಿಯಾಂವ ಕುಡೀತಾನೇನು?”

ಹಿಂದೆ ನಿಂತವರು ಮುಂದಕ್ಕೆ ಬಾಗಿದರು. ಎಲ್ಲರ ಕಿವಿಯೂ ನನ್ನ ಕಡೆಗೇ.

“ದೇವರಾಣಿ ಇಲ್ರೀ” ಎಂದೆ.

ಒಮ್ಮೆ ಅವನನ್ನು ಕರೆದುಕೊಂಡು ಬಾ ಎಂದರು. ನನಗೆ ಸಿಟ್ಟು ಬಂತು. ಆಮೇಲೆ ಅವರ ಕಿಟಕಿಗೆ ಹೋಗಲೇ ಇಲ್ಲ. ಬಳ್ಳಾರಿಗೆ ಹೋಗುವವರ ಕೈಲಿ ಬ್ರೂಸ್‌ಪೇಟೆಯ ಔಷಧಿ ಅಂಗಡಿಯಿಂದ ಗುಳಿಗೆ ತರಿಸಿದೆ. ಎರಡು ವರ್ಷ ಗುಳಿಗೆ ನುಂಗಿದ, ಸಾರಾಯಿ ಕುಡಿದ. ಮೂರನೆಯ ವರ್ಷ ಗಿರಣಿಯಲ್ಲಿ ಮೂಟೆ ಇಳಿಸಿ ರಕ್ತ ವಾಂತಿ ಮಾಡಿದ. ಬಳ್ಳಾರಿಗೆ ಒಯ್ದಾಗ ಕಣ್ಣು ಅರಿಶಿನವಾಗಿದ್ದವು, ಹೊಟ್ಟೆ ಬಸುರಿಯ ಹಾಗೆ ಊದಿತ್ತು. ಕೈಮೀರಿದೆ ಎಂದರು ಅಲ್ಲಿನ ಡಾಕ್ಟರು.

ಕಂಪೌಂಡರು ಭಾನುವಾರ ಬಸ್ಸು ಹಿಡಿದು ನೋಡಲು ಬಂದರು. ಮಂಚದ ಬದಿಗೆ ಕೂತು, ಎದ್ದ ಕೂಡಲೇ ಬೇಕೆನಿಸಲು ಶುರುವಾದದ್ದು ಯಾವಾಗ ಎಂದು ನನ್ನ ಗಂಡನನ್ನು ಕೇಳಿದರು. ಹೋದ ವರ್ಷದ ಸುಗ್ಗಿಯಿಂದ ಎಂದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕರೆದುಕೊಂಡು ಬಾ ಎಂದದ್ದು ಅದಕ್ಕೂ ಮುಂಚೆ. ಆಗ ಇನ್ನೂ ಹೊತ್ತಿತ್ತು.

ಅವರು ಹೊರಗೆ ಬಂದಾಗ, ವಾಸನೆ ಹೋಗಲೆಂದೇ ಬಾಟಲಿ ತೊಳೆದು ತರುತ್ತಿದ್ದೆನೆಂದೂ ಅವತ್ತು ಸುಳ್ಳು ಹೇಳಿದೆನೆಂದೂ ಒಪ್ಪಿಕೊಂಡೆ.

“ಗೊತ್ತಿತ್ತು ತಂಗೀ. ಸಾಲಿನ್ಯಾಗ ನಿಂದ್ರಿಸಿ ಕೇಳಿದ್ನಲ್ಲ, ತಪ್ಪು ನಂದು. ಮನಿಗೆ ಬಂದು ಕೇಳಬೇಕಿತ್ತು.”

ಅವರ ತಪ್ಪಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನಾಲ್ಕು ದಿನಕ್ಕೆ ಗಂಡ ಸತ್ತ.

ಆಮೇಲೆ ಸಾರಾಯಿ ಪಾಕೀಟು ಬಂತು, ಮೂಸಲು ಬಾಟಲಿಯೂ ಇಲ್ಲದಾಯಿತು. ಅವರು ನಿವೃತ್ತರಾಗಿ ಕುರುಗೋಡಿನಲ್ಲಿ ಮಗಳ ಮನೆ ಸೇರಿದರು. ನನ್ನ ಮಗ ಮೀಸೆ ಬಂದ ಮೇಲೆ ಕುಡಿಯಲು ಕಲಿತ. ವಾಸನೆ ಬಂದ ವಾರವೇ ಅವನನ್ನು ಎಳೆದುಕೊಂಡು ಕುರುಗೋಡಿಗೆ ಹೋದೆ. ಅವರಿಗೆ ಕಣ್ಣು ಮಂಜಾಗಿತ್ತು. ಮಗನ ಬೆರಳನ್ನು ಮುಟ್ಟಿ ನೋಡಿ, ಇನ್ನೂ ಹೊತ್ತಿದೆ ಎಂದು ಒಂದು ತಾಸು ಮಾತಾಡಿದರು. ಅವನು ಆಯಿತೆಂದು ತಲೆ ಅಲ್ಲಾಡಿಸಿದ. ಬಸ್ ಸ್ಟ್ಯಾಂಡಿಗೆ ಬಂದದ್ದೇ ಪಾಕೀಟಿನ ಅಂಗಡಿಗೆ ನುಗ್ಗಿದ.

ಮುಂದಿನ ವರ್ಷ ಕಂಪೌಂಡರು ತೀರಿಕೊಂಡರೆಂದು ಕೇಳಿದೆ. ಮಣ್ಣಿಗೆ ಹೋಗಲಾಗಲಿಲ್ಲ. ಅವತ್ತು ಮಗ ಗಟಾರದಲ್ಲಿ ಬಿದ್ದಿದ್ದ.

ಮದುವೆ ಮಾಡಿದರೂ ಕುಡಿತ ಬಿಡದೆ ಮಗನೂ ಉಳಿಯಲಿಲ್ಲ. ಅವನ ಹೆಣ ಎತ್ತುವ ದಿನ ಬಂದವರೆಲ್ಲ ಏನಾಗಿತ್ತು ಎಂದು ಕೇಳುತ್ತಿದ್ದರು. ಹೊಟ್ಟೆನೋವು ಎಂದು ಬೀಗರು ಅಂಗಳದಲ್ಲಿ ಹೇಳುತ್ತಿದ್ದರು. ಮಾನ ಉಳಿಯಲಿ ಎಂದು ಸೊಸೆ ನನ್ನ ಸೆರಗು ಜಗ್ಗಿದಳು.

“ಕುಡದು ಸತ್ತ” ಎಂದೆ, ಎಲ್ಲರಿಗೂ ಕೇಳುವ ಹಾಗೆ.