ಶನಿಯ ಕೆನ್ನೆಯ ಮಚ್ಚೆ

ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಶಿವಜ್ಯೋತಿ ಸ್ಟುಡಿಯೊ ಇತ್ತು. ಫೋಟೊ ಹೊಡೆಯುವವನು ಶಿವಮಲ್ಲಪ್ಪ. ಹೊಡೆದದ್ದನ್ನು ಚಂದ ಮಾಡುವವಳು ಅವನ ಹೆಂಡತಿ ಪುಟ್ಟಬಸಮ್ಮ. ಮೂಗೂರಿನ ಹೆಣ್ಣು, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆದರೆ ಕೈ ನಡುಗುವುದೆಂದರೆ ಗೊತ್ತಿಲ್ಲ. ನೆಗೆಟಿವ್ ಮೇಲೆ ಧೂಳು ಕೂತರೆ ಫೋಟೊದಲ್ಲಿ ಅದು ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಕೂದಲೆಳೆಯಂಥ ಕುಂಚಕ್ಕೆ ಮಸಿ ಅದ್ದಿ ಆ ಚುಕ್ಕೆಗಳನ್ನು ಒಂದೊಂದಾಗಿ ಮುಚ್ಚುವುದು ಅವಳ ಕೆಲಸ. ಮುಖದಲ್ಲಿ ಕಪ್ಪು ಮಚ್ಚೆಯಿದ್ದರೆ ಬ್ಲೇಡಿನ ಮೂಲೆಯಿಂದ ಮೆಲ್ಲಗೆ ಕೆರೆದು ತೆಗೆಯುತ್ತಿದ್ದಳು. ಗಂಡಿನ ಕಡೆಗೆ ಕಳಿಸುವ ಹುಡುಗಿಯರ ಫೋಟೊಗಳೆಲ್ಲ ಅವಳ ಕೈ ದಾಟಿಯೇ ಊರು ದಾಟುತ್ತಿದ್ದವು. ಎಷ್ಟೋ ಗಂಡಂದಿರು ಹೆಂಡತಿಯ ಮಚ್ಚೆ ಕಂಡದ್ದು ಮದುವೆಯಾದ ಮೇಲೆಯೇ.

‘ಕಪ್ಪಲ್ಲಿ ಬಿಳಿ ಕಂಡ್ರೆ ಬುಡ್‌ಬ್ಯಾಡ ಕಣೆ’ ಎನ್ನುತ್ತಿದ್ದ ಶಿವಮಲ್ಲಪ್ಪ. ಅವಳು ಬಿಡುತ್ತಿರಲಿಲ್ಲ.

ತೊಂಬತ್ತೈದನೇ ಇಸವಿಯ ಯುಗಾದಿ ಕಳೆದು ಹದಿನೈದು ದಿನಕ್ಕೆ ಅವನು ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ.

ಮಾರನೇ ತಿಂಗಳು ಪುಟ್ಟಬಸಮ್ಮ ಸ್ಟುಡಿಯೊ ಬಾಗಿಲು ತೆಗೆದಳು. ಕ್ಯಾಮೆರಾ ಹಿಡಿಯುವುದು, ಫೋಟೊ ತೊಳೆಯುವುದು, ಎಲ್ಲ ನೋಡಿ ನೋಡಿಯೇ ಬಂದಿತ್ತು. ಫೋಟೊ ತೊಳೆಯುವ ಕತ್ತಲೆ ಕೋಣೆ ಅವಳಿಗೆ ಇನ್ನೊಂದು ಕೆಲಸಕ್ಕೂ ಒದಗಿತು. ಒಳಗೆ ಕೆಂಪು ದೀಪ ಉರಿಯುವಾಗ ಯಾರೂ ಬಾಗಿಲು ತೆಗೆಯುವಂತಿಲ್ಲ. ಬೆಳಕು ಬಿದ್ದರೆ ಕಾಗದ ಹಾಳು. ಹಾಗಾಗಿ ಅಲ್ಲಿ ಎಷ್ಟು ಹೊತ್ತು ಬೇಕಾದರೂ ಅಳಬಹುದು. ಅತ್ತು, ಮುಖ ತೊಳೆದು, ಒದ್ದೆ ಫೋಟೊ ಹಿಡಿದು ಈಚೆ ಬರುತ್ತಿದ್ದಳು. ಯಾರಾದರೂ ಕಣ್ಣು ನೋಡಿದರೆ ಔಷಧಿಯ ಘಾಟು ಅನ್ನುತ್ತಿದ್ದಳು.

ಗಂಡನ ಅಣ್ಣ ಬೆಟ್ಟಸ್ವಾಮಿ ಒಳ್ಳೆಯವನೇ. ಆದರೆ ಹೆಂಗಸು ಕ್ಯಾಮೆರಾ ಹಿಡಿದರೆ ಮುಂದೆ ಬಂದು ನಿಲ್ಲುವವರು ಯಾರು ಎನ್ನುವುದು ಅವನ ಲೆಕ್ಕ.

‘ಜನ ಬತ್ತಾ ಇಲ್ಲ ಕಣವ್ವ. ಸಂಕ್ರಾಂತಿಗಂಟ ನೋಡವ. ಆಮೇಲೆ ಬಾಗ್ಲಾಕ್ಬುಡವ’ ಅಂದ.

‘ಮನೇಲಿ ಕೂತ್ಕಂಡು ಏನ್ಮಾಡ್ಲಿ ಬಾವ?’

‘ಊಟಕ್ಕೆ ನಾವಿಲ್ವ?’

‘ನಾನು ಊಟದ ಮಾತಾಡ್ಲಿಲ್ಲ.’

ಅವನಿಗೆ ಅರ್ಥವಾಗಲಿಲ್ಲ. ಅವಳು ಕೆಂಪು ದೀಪ ಹಾಕಲು ಒಳಗೆ ಹೋದಳು.

ನವೆಂಬರಿನಲ್ಲಿ ನರಸಿಂಹ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು, ಮನೆತನ ಅರ್ಚಕರದು. ಹಿಂದಿನ ತಿಂಗಳು ಸೂರ್ಯಗ್ರಹಣದ ದಿನ ಇಡೀ ಊರು ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು, ಮೇಷ್ಟ್ರ ಮನೆಯವರೂ ಸೇರಿ. ಆ ಸಿಟ್ಟು ಅವರಿಗಿನ್ನೂ ಇಳಿದಿರಲಿಲ್ಲ. ತಾಲೂಕಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಜನಕ್ಕೆ ಆಕಾಶ ತೋರಿಸಿಯೇ ಸಿದ್ಧ ಎಂದು ಹೊರಟಿದ್ದರು. ಕಂಕುಳಲ್ಲಿ ಮೈಸೂರಿನ ಲೈಬ್ರರಿಯ ದಪ್ಪ ಪುಸ್ತಕವಿತ್ತು.

‘ಈ ಪಟಾನ ಕಾಪಿ ಹೊಡೆದು ಹತ್ತು ದೊಡ್ಡ ಫೋಟೊ ಮಾಡ್ಕೊಡಿ ಪುಟ್ಟಬಸಮ್ಮನೋರೆ. ಹತ್ತು ಸ್ಕೂಲಿಗೆ ಒಂದೊಂದು. ಪುಸ್ತಕ ಇವತ್ತೇ ವಾಪಸ್ ಹೋಗ್ಬೇಕು.’

‘ಏನಿದು ಮೇಷ್ಟ್ರೆ? ಗುಂಡ್ಕಲ್ಲಿಗೆ ಪೇಟ ಸುತ್ದಂಗದೆ?’

‘ಶನಿಗ್ರಹ. ಸುತ್ತ ಇರೋದು ಅದರ ಉಂಗುರ.’

ಸ್ಟುಡಿಯೊ ಮೆಟ್ಟಿಲ ಮೇಲೆ ಕೂತು ಹೂ ಕಟ್ಟಿ ಮಾರುವ ರುದ್ರಮ್ಮನ ಕೈಯಿಂದ ದಾರ ಜಾರಿತು. ‘ಬುಡ್ತು ಅನ್ನಿ ಸಾ! ಒಂದು ಶನಿ ತಡ್ಕಳದೇ ಕಷ್ಟ, ನೀವು ಅತ್ತು ಶನಿ ಮಾಡುಸ್ತಿದ್ದೀರಲ್ಲ!’

ಪುಟ್ಟಬಸಮ್ಮನಿಗೆ ಶನಿಯ ಚಿಂತೆಯಿರಲಿಲ್ಲ. ಅವಳದು ಕಸುಬಿನ ಪ್ರಶ್ನೆ. ‘ಈ ಫೋಟೊ ಒಡ್ದೋರು ಯಾರು ಮೇಷ್ಟ್ರೆ?’

‘ಯಾರೂ ಇಲ್ಲಮ್ಮ. ವಾಯೇಜರ್ ಅಂತ ನೌಕೆ. ಒಳಗೆ ಮನುಷ್ಯರಿಲ್ಲ, ಕ್ಯಾಮೆರಾ ಇದೆ. ನಾಲ್ಕು ವರ್ಷ ಹೋಗಿ ಹೊಡೀತು.’

‘ಮತ್ತೆ ರೀಲು ತಂದ್ಕೊಟ್ಟೋರು?’

‘ರೀಲೇ ಇಲ್ಲ. ರೇಡಿಯೊ ಥರ ಅಲ್ಲಿಂದ್ಲೇ ಕಳಿಸ್ತು.’

‘ಅದಿನ್ನೂ ಅಲ್ಲೇ ನಿಂತದಾ?’

‘ಮುಂದೆ ಮುಂದೆ ಹೋಗ್ತಾನೇ ಇದೆ. ವಾಪಸ್ ಬರಲ್ಲ.’

ಪುಟ್ಟಬಸಮ್ಮ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ‘ಫೋಟೊನಾರ ಕಳಿಸ್ತಲ್ಲ’ ಅಂದಳು.

ಪಟವನ್ನು ಅಲ್ಲೇ ಕ್ಯಾಮೆರಾದಲ್ಲಿ ಹಿಡಿದುಕೊಂಡು ಪುಸ್ತಕ ವಾಪಸ್ ಕೊಟ್ಟಳು. ಹೊರಡುವಾಗ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಹೆಡ್‌ಮಾಸ್ಟರು ತಿಮ್ಮಯ್ಯನವರು ಈ ಫೋಟೊ ನೋಡುತ್ತಾರೆ. ಚೆನ್ನಾಗಿ ಬಂದರೆ ಎಸ್ಸೆಸ್ಸೆಲ್ಸಿ ಮಕ್ಕಳ ಅರ್ಜಿ ಫೋಟೊಗಳೆಲ್ಲ ಪುಟ್ಟಬಸಮ್ಮನಿಗೇ. ಇಲ್ಲವಾದರೆ ಮೈಸೂರಿನಿಂದ ಯಾರನ್ನೋ ಕರೆಸುತ್ತಾರೆ. ನೂರನಲವತ್ತು ಮಕ್ಕಳು! ಅಷ್ಟು ಜನ ಅವಳ ಕ್ಯಾಮೆರಾ ಮುಂದೆ ಕೂತೆದ್ದರೆ ಬೆಟ್ಟಸ್ವಾಮಿ ಬಾಗಿಲು ಹಾಕುವ ಮಾತೆತ್ತುವಂತಿಲ್ಲ.

ಎರಡು ದಿನ ಮೈಯೆಲ್ಲ ಕಣ್ಣಾಗಿ ಕೆಲಸ ಮಾಡಿದಳು. ಹತ್ತು ಫೋಟೊ ತೊಳೆದಳು. ಬಸ್ಸು ಲಾರಿ ಎಬ್ಬಿಸುವ ಧೂಳು ಎಲ್ಲಿಂದಲೋ ನುಸುಳಿ ಕೂತಿತ್ತು. ಶನಿಯ ಹಿಂದಿನ ಕಪ್ಪಿನಲ್ಲಿ ಬಿಳಿ ಚುಕ್ಕೆಯೋ ಚುಕ್ಕೆ. ಭೂತಗನ್ನಡಿ ಇಟ್ಟುಕೊಂಡು ಒಂದನ್ನೂ ಬಿಡದೆ ಮುಚ್ಚಿದಳು. ಶನಿಯ ಕೆನ್ನೆಯ ಮೇಲೊಂದು ಕಪ್ಪು ಮಚ್ಚೆ ಕಂಡಿತು. ಅದನ್ನೂ ಬ್ಲೇಡಿನಲ್ಲಿ ನಯವಾಗಿ ಕೆರೆದಳು, ಹತ್ತರಲ್ಲೂ. ಮದುವೆ ಹೆಣ್ಣಿಗಿಂತ ಚಂದವಾದ ಶನಿ.

ಪ್ರದರ್ಶನದ ಹಿಂದಿನ ದಿನ, ಬೆಳಗಿನ ಹನ್ನೊಂದಕ್ಕೆ, ಮೇಷ್ಟ್ರು ಬಂದರು. ಫೋಟೊ ನೋಡಿ ಮುಖ ಅರಳಿತು. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

‘ಚಂದ್ರಗಳೆಲ್ಲಿ?’

‘ಯಾವ ಚಂದ್ರ?’

‘ಶನಿಗೆ ಚಂದ್ರಗಳಿವೆ ಪುಟ್ಟಬಸಮ್ಮನೋರೆ. ಈ ಪಟದಲ್ಲಿ ಮೂರಿದ್ವು. ಬಿಳಿ ಚುಕ್ಕೆ ಹಾಗೆ.’

‘ಅಯ್ಯೋ ಶಿವನೆ. ಧೂಳು ಅಂತ ಅಳ್ಸಾಕ್ಬುಟ್ಟೆ.’

‘ಹತ್ತರಲ್ಲೂ?’

‘ನಾನು ಕೆಲ್ಸ ಅರೆಬರೆ ಮಾಡಕಿಲ್ಲ ಮೇಷ್ಟ್ರೆ.’

ರುದ್ರಮ್ಮ ಮೆಟ್ಟಿಲಿಂದಲೇ ಕೂಗಿದಳು: ‘ಒಬ್ಬ ಚಂದ್ರನ್ನ ರಾಹು ನುಂಗ್ದ ಅಂದ್ರೆ ಊರೆಲ್ಲ ನೀರು ಉಯ್ಕತೀವಿ. ಇವ್ಳು ಮೂವತ್ತು ನುಂಗವ್ಳೆ!’

ಮೇಷ್ಟ್ರು ನಗಲಿಲ್ಲ. ಅವರ ಬೆರಳು ಶನಿಯ ಕೆನ್ನೆ ಮೇಲೆ ಓಡಾಡುತ್ತಿತ್ತು. ‘ಇಲ್ಲೊಂದು ಕಪ್ಪು ಬೊಟ್ಟಿತ್ತು. ಒಂದು ಚಂದ್ರನ ನೆರಳು ಅದು. ಅಂದ್ರೆ ಅಲ್ಲೂ ಗ್ರಹಣ! ಅದನ್ನ ತೋರಿಸೋಕೇ ನಾನು ಇಷ್ಟೆಲ್ಲ ಮಾಡಿದ್ದು.’

‘ಅದ್ನೂ ಕೆರ್ದೆ’ ಅಂದಳು ಪುಟ್ಟಬಸಮ್ಮ.

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. ಹೊಸದಾಗಿ ಮಾಡೋಣವೆಂದರೆ ದೊಡ್ಡ ಕಾಗದ ಒಂದೂ ಉಳಿದಿರಲಿಲ್ಲ. ಮೈಸೂರಿಗೆ ಹೋಗಿ ತರುವಷ್ಟರಲ್ಲಿ ಸಂಜೆಯಾಗುತ್ತದೆ. ಅವಳು ಕತ್ತಲೆ ಕೋಣೆಯ ಬಾಗಿಲು ನೋಡಿದಳು. ಒಳಗೆ ಹೋಗಿ ಅಳಬಹುದಿತ್ತು. ಹೋದಳು. ಅಳಲಿಲ್ಲ. ದೊಡ್ಡ ಟ್ರೇ ತುಂಬ ನೀರು ತುಂಬಿಕೊಂಡು ಈಚೆ ಬಂದಳು.

‘ಮಸಿ ನೀರಿಂದು ಮೇಷ್ಟ್ರೆ. ನೆನೆಹಾಕಿದ್ರೆ ಬುಡ್ತದೆ.’

ಮೊದಲ ಫೋಟೊ ಮುಳುಗಿಸಿ ಬೆರಳಿಂದ ಮೆಲ್ಲಗೆ ತೀಡಿದಳು. ನೀರಿಗೆ ಮಸಿಯ ಹೊಗೆ ಎದ್ದಿತು. ಕಪ್ಪಿನಿಂದ ಒಂದು ಬಿಳಿ ಚುಕ್ಕೆ ಮೇಲೆ ಬಂತು.

‘ಬಂತು! ಚಂದ್ರ ಬಂತು!’ ಮೇಷ್ಟ್ರು ಎದ್ದು ನಿಂತರು.

ಇನ್ನೊಂದು ಬಂತು. ಮತ್ತೊಂದು. ಹದಿನಾಲ್ಕು ಬಂದವು. ಮೇಷ್ಟ್ರು ಮತ್ತೆ ಕೂತರು. ‘ಇದರಲ್ಲಿ ಚಂದ್ರ ಯಾವುದು, ನರಸೀಪುರದ ಧೂಳು ಯಾವುದು? ಜಾಗ ನನಗೆ ಸರಿಯಾಗಿ ನೆನಪಿಲ್ಲ. ಪುಸ್ತಕ ಬೇರೆ ವಾಪಸ್ ಹೋಯ್ತು.’

ಪುಟ್ಟಬಸಮ್ಮ ಹತ್ತನ್ನೂ ತೊಳೆದಳು. ಅಂಗಡಿ ಮುಂದೆ ಚಾಪೆ ಹಾಸಿ ಬಿಸಿಲಿಗೆ ಸಾಲಾಗಿ ಒಣಗಿಟ್ಟಳು. ಸೊಂಟಕ್ಕೆ ಕೈ ಕೊಟ್ಟು, ಸೊಪ್ಪಿನ ಮಡಿ ನೋಡುವವಳ ಹಾಗೆ ಆ ಕಡೆಯಿಂದ ಈ ಕಡೆಗೆ ಎರಡು ಸಲ ನಡೆದಳು. ‘ಮೇಷ್ಟ್ರೆ, ಒಂದೊಂದು ಫೋಟೊ ತೊಳ್ದಾಗ್ಲೂ ನೆಗೆಟಿವ್ ಒರುಸ್ತೀನಿ. ಅದ್ಕೆ ಧೂಳು ಒಂದೇ ಜಾಗ್ದಲ್ಲಿ ಕೂರಕಿಲ್ಲ. ಇದ್ರಲ್ಲಿ ಇಲ್ಲಿ ಅದೆ, ಅದ್ರಲ್ಲಿ ಅಲ್ಲಿ ಅದೆ. ಅತ್ತು ಫೋಟೊದಲ್ಲೂ ಜಾಗ ಬುಡ್ದೆ ಕೂತಿರೋವು ಮೂರೇ. ನೋಡಿ, ಇದು, ಇದು, ಇದು.’

ಮೇಷ್ಟ್ರು ಚಾಪೆಯ ಪಕ್ಕ ಮಂಡಿಯೂರಿ ಹತ್ತನ್ನೂ ನೋಡಿದರು. ಒಂದು, ಎರಡು, ಮೂರು. ಹತ್ತರಲ್ಲೂ ಅದೇ ಜಾಗ.

‘ಪುಟ್ಟಬಸಮ್ಮನೋರೆ, ಇದು ನನಗ್ಯಾಕೆ ಹೊಳೀಲಿಲ್ಲ?’

‘ನೀವು ಧೂಳು ಒರ್ಸಿಲ್ವಲ್ಲ’ ಅಂದಳು.

ಮಧ್ಯಾಹ್ನವಿಡೀ ಕೂತು ಧೂಳನ್ನು ಮತ್ತೆ ಮುಚ್ಚಿದಳು. ಮೂರು ಚಂದ್ರರನ್ನು ಮುಟ್ಟಲಿಲ್ಲ. ನೆರಳು ಮಾತ್ರ ನೀರಿಗೆ ಬರುವಂಥದ್ದಲ್ಲ, ಬ್ಲೇಡಿಗೆ ಹೋದದ್ದು. ನೆಗೆಟಿವನ್ನು ಬೆಳಕಿಗೆ ಹಿಡಿದು ಜಾಗ ಗುರುತು ಮಾಡಿಕೊಂಡು, ಹತ್ತು ಕೆನ್ನೆಗೂ ಕುಂಚದಿಂದ ಒಂದೊಂದು ಬೊಟ್ಟು ಇಟ್ಟಳು.

ರುದ್ರಮ್ಮ ಬಗ್ಗಿ ನೋಡಿದಳು. ‘ಲೋಕಕ್ಕೆಲ್ಲ ಕಣ್ಣಾಕೋ ಶನಿಗೇ ದೃಷ್ಟಿಬೊಟ್ಟು ಇಟ್ಬುಟ್ಯಲ್ಲೇ ಬಸಮ್ಮಾ!’

ಪುಟ್ಟಬಸಮ್ಮ ನಕ್ಕಳು. ಕುಂಚ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಳು ತಿಂಗಳಾಗಿತ್ತು ಅವಳು ನಕ್ಕು. ರುದ್ರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, ಹೂವಿನ ಬುಟ್ಟಿಯೊಳಗೆ ಏನೋ ಹುಡುಕುವವಳ ಹಾಗೆ ಮಾಡಿದಳು.

ಮಾರನೇ ದಿನ ಹೈಸ್ಕೂಲಿನಲ್ಲಿ ಜನ ತುಂಬಿತ್ತು. ಬೆಟ್ಟಸ್ವಾಮಿಯೂ ಬಂದಿದ್ದ. ತಿಮ್ಮಯ್ಯನವರು ಫೋಟೊ ಮುಂದೆ ಬಹಳ ಹೊತ್ತು ನಿಂತರು. ‘ಈ ನೆರಳು ಎಷ್ಟು ಸ್ಪಷ್ಟವಾಗಿ ಬಂದಿದೆ ನೋಡಿ! ಮೈಸೂರಲ್ಲೂ ಹೀಗೆ ಮಾಡಲ್ಲ’ ಅಂದರು.

ಮೇಷ್ಟ್ರು ಕೆಮ್ಮಿದರು. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಪುಟ್ಟಬಸಮ್ಮನಿಗೆ ಅದು ಬರುವುದಿಲ್ಲ.

‘ಸಾ, ಆ ಬೊಟ್ಟು ನಾನಿಟ್ಟಿದ್ದು. ಮಚ್ಚೆ ಅಂತ ಕೆರ್ದುಬುಟ್ಟಿದ್ದೆ. ಮೇಷ್ಟ್ರು ಅದು ನೆರಳು ಅಂದ್ಮೇಲೆ ಅದೇ ಜಾಗಕ್ಕೆ ಇಟ್ಟೆ. ಚಂದ್ರುನ್ನೂ ಅಳ್ಸಿದ್ದೆ. ಅವನ್ನ ತೊಳ್ದು ಮತ್ತೆ ಈಚ್ಗೆ ತಂದೀವಿ. ಅವು ನಿಜವಾದವೇ.’

ಬೆಟ್ಟಸ್ವಾಮಿ ಹಣೆಗೆ ಕೈ ಹಚ್ಚಿಕೊಂಡ. ತಿಮ್ಮಯ್ಯನವರು ಅವಳನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಅವಳು ಧೂಳಿನಿಂದ ಚಂದ್ರರನ್ನು ಬೇರೆ ಮಾಡಿದ ಬಗೆಯನ್ನು ಮೇಷ್ಟ್ರು ಒಂದೇ ಉಸಿರಿಗೆ ಹೇಳಿದರು. ತಿಮ್ಮಯ್ಯನವರ ಮೀಸೆ ಅಲುಗಿತು.

‘ನಮ್ಮ ಮಕ್ಕಳ ಅರ್ಜೀಲಿ ಗುರುತು ಅಂತ ಬರ್ಸೋದೇ ಮಚ್ಚೆನಮ್ಮ. ಒಂದೂ ಕೆರೀಬಾರ್ದು. ಒಪ್ಪಿಗೆಯಾ?’

‘ಒಪ್ಪಿಗೆ ಸಾ.’

‘ಹಾಗಾದ್ರೆ ಸೋಮವಾರ ಬನ್ನಿ.’

ಸೋಮವಾರ ಸ್ಕೂಲಿನ ಅಂಗಳದಲ್ಲಿ ನೂರನಲವತ್ತು ಮಕ್ಕಳು ಸಾಲು ನಿಂತರು. ಹಿಂದೆ ಕಟ್ಟುವ ಬಿಳಿ ಪರದೆಗೆ ಗೂಟ ಸಿಗಲಿಲ್ಲ. ನೋಡಿಕೊಂಡು ಹೋಗಲು ಬಂದಿದ್ದ ಬೆಟ್ಟಸ್ವಾಮಿಯ ಕೈಗೇ ಅದನ್ನು ಕೊಟ್ಟಳು. ಬೆಂಚಿನ ಮೇಲೆ ನಿಂತು, ಎರಡೂ ಕೈ ಚಾಚಿ, ಅವನು ಹಿಡಿದುಕೊಂಡ.

‘ಕತ್ತು ನೆಟ್ಗೆ! ನಗ್‌ಬ್ಯಾಡ ಕಣ್ಲಾ! ಆಯ್ತು, ಮುಂದ್ಲವ್ಳು ಬಾರವ್ವ!’ ಪುಟ್ಟಬಸಮ್ಮನ ಗಂಟಲು ಅಂಗಳದ ಆಚೆಗೂ ಕೇಳುತ್ತಿತ್ತು.

‘ಬಸಮ್ಮಾ, ಕೈ ಬಿದ್ದೋಯ್ತವ್ವ’ ಅಂದ ಬೆಟ್ಟಸ್ವಾಮಿ ಪರದೆಯ ಹಿಂದಿನಿಂದ.

‘ಇನ್ನೂ ಅರವತ್ತು ಮಕ್ಕಳವೆ ಬಾವ. ವಸಿ ಮೇಲಕ್ಕೆತ್ತಿ ಇಡ್ಕಳಿ’ ಅಂದಳು ಪುಟ್ಟಬಸಮ್ಮ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.