ಇಣಚಿಯ ‘ಇ’

ದೊಡ್ಡ ಮಾಸ್ತರರ ಧೋತರ ಮೊಣಕಾಲಿನ ಹತ್ತಿರ ಯಾವಾಗಲೂ ಸಗಣಿ ನೆಲದ ಬಣ್ಣಕ್ಕೆ ತಿರುಗಿರುತ್ತಿತ್ತು. ಎಷ್ಟು ಒಗೆದರೂ ಆ ಎರಡು ಕಲೆ ಹೋಗುತ್ತಿರಲಿಲ್ಲ. ಓದುವ ಮಗುವಿನ ಪಕ್ಕ ಮೊಣಕಾಲೂರಿ ಕೂರುವುದು ಅವರ ರೂಢಿ. ಏಳುವಾಗ ಕೀಲು ಲಟಕ್ಕೆನ್ನುತ್ತಿತ್ತು. “ಸಾಕಾಗ್ಯಾದಪ್ಪ” ಎಂದು, ಮುಂದಿನ ಮಗುವಿನ ಪಕ್ಕ ಮತ್ತೆ ಊರುತ್ತಿದ್ದರು.

ಸಿಂಧನೂರಿನಿಂದ ಕಾಲುವೆ ದಂಡೆಗುಂಟ ನಡೆದರೆ ಸಿಗುವ ಊರು. ಶಾಲೆಗೆ ನಾವಿಬ್ಬರೇ ಮಾಸ್ತರರು. ನಾನು ಮೈಸೂರು ಕಡೆಯವನು, ಕೆಲಸಕ್ಕೆ ಹೊಸಬ. ಒಂದನೇ ತರಗತಿಗೆ ಓದು ಕಲಿಸಲು ಮೇಲಿನಿಂದ ಕೈಪಿಡಿ ಬಂದಿತ್ತು. ಯಾವ ದಿನ ಯಾವ ಅಕ್ಷರ, ಮಾಸ್ತರ ಏನೆನ್ನಬೇಕು, ಮಕ್ಕಳು ಏನೆನ್ನಬೇಕು, ಎಲ್ಲ ಅಚ್ಚಾಗಿತ್ತು. ನನಗೆ ಅದೇ ಊರುಗೋಲು. ದೊಡ್ಡ ಮಾಸ್ತರು ತಮ್ಮ ಪ್ರತಿಯನ್ನು ನೀರಿನ ಗಡಿಗೆಯ ಮೇಲೆ ಮುಚ್ಚಿದ್ದರು.

“ಓದೇನಿ ತಮ್ಮಾ, ಛಲೋ ಐತಿ. ಆದ್ರ ಅದಕ್ಕ ನಮ್ಮ ಹುಡುಗರು ಕಾಣಂಗಿಲ್ಲ.”

ಕೂಲಿಯವಳ ಮಗಳೊಬ್ಬಳು ಒಂದನೇ ತರಗತಿಯಲ್ಲೇ ಎರಡನೇ ವರ್ಷ ಕೂತಿದ್ದಳು. ಅಳಿಲಿನ ಚಿತ್ರ ತೋರಿಸಿ ಮೊದಲ ಅಕ್ಷರ ಯಾವುದೆಂದರೆ “ಇ” ಎನ್ನುತ್ತಿದ್ದಳು. ಕೈಪಿಡಿಯಲ್ಲಿದ್ದಂತೆ ತಪ್ಪೆಂದು ಹೇಳಿ, ಮೂರು ಸಲ “ಅ” ಹೇಳಿಸುತ್ತಿದ್ದೆ. ಕೆಲವು ದಿನಗಳಾದ ಮೇಲೆ ಅವಳು ಯಾವ ಅಕ್ಷರಕ್ಕೂ ಬಾಯಿ ತೆರೆಯಲಿಲ್ಲ. ದಡ್ಡಿ ಎಂದುಕೊಂಡೆ. ತಾಯಿ ಬಾಗಿಲಿಗೆ ಬಂದು ಹೇಳಿದಳು: “ಈ ಸಲನೂ ನಪಾಸಾದ್ರ ಸಾಲಿ ಬಿಡಿಸ್ತೀನ್ರಿ. ನೆಲ್ಲು ಹಚ್ಚಾಕಾದ್ರೂ ಬರ್ತಾಳ.”

ಅವತ್ತು ದೊಡ್ಡ ಮಾಸ್ತರು ಅವಳ ಪಕ್ಕ ಮೊಣಕಾಲೂರಿದರು. “ಏನವ್ವಾ ಇದು?”

ಹುಡುಗಿ ನನ್ನನ್ನೊಮ್ಮೆ ನೋಡಿ, ಮೆಲ್ಲಗೆ “ಇಣಚಿ ರೀ” ಎಂದಳು.

“ನಿಮ್ಮ ಕಡೆ ಇದಕ್ಕ ಏನಂತಾರ, ತಮ್ಮಾ?”

“ಅಳಿಲು.”

“ಇಲ್ಲಿ ಯಾರೂ ಹಂಗನ್ನಂಗಿಲ್ಲ. ಇಣಚಿ ಅಂದ್ರ ಮೊದಲ ‘ಇ’ನ ಬರ್ತದ. ಕೂಸು ಖರೇನ ಹೇಳ್ಯಾದ, ನೀ ಕೇಳಿಲ್ಲ.”

ನಾಚಿಕೆಯಿಂದ ನೆಲ ನೋಡಿದೆ. ಅಂದಿನಿಂದ ಅವರು ಅವಳ ಮನೆಯ ಮಾತಿನಿಂದಲೇ ಅಕ್ಷರ ಕಲಿಸಿದರು. ವರ್ಷದ ಕೊನೆಯ ಪರೀಕ್ಷೆಯ ಹೊತ್ತಿಗೆ ಹುಡುಗಿ ಪುಸ್ತಕ ಓದುತ್ತಿದ್ದಳು.

ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಅದೇ ಚಿತ್ರ ತೋರಿಸಿದರು. ಅವಳು “ಇ” ಎಂದಳು. ಸಾಹೇಬರ ಹುಬ್ಬು ಗಂಟಾಯಿತು.

“ಚಿತ್ರ ಬ್ಯಾಡ್ರಿ ಸಾಹೇಬ್ರ, ಪುಸ್ತಕ ಕೊಡ್ರಿ. ಓದ್ತಾಳ” ಎಂದರು ದೊಡ್ಡ ಮಾಸ್ತರು. ಅವಳು ಬೆರಳಿಟ್ಟು ಇಡೀ ಪುಟ ಓದಿದಳು, ಪಾಸಾದಳು. ಆದರೂ ಕೈಪಿಡಿ ಯಾಕೆ ಬಿಟ್ಟಿರಿ ಎಂದು ಸಾಹೇಬರು ದೊಡ್ಡ ಮಾಸ್ತರರಿಂದ ಬರಹದಲ್ಲಿ ಜವಾಬು ಕೇಳಿದರು. ಕೈಪಿಡಿ ಹಿಡಿದು ಹುಡುಗಿಯ ಬಾಯಿ ಕಟ್ಟಿಸಿದ್ದು ನನ್ನ ಪಾಠವೆಂದು ನಾನು ಹೇಳಬೇಕಿತ್ತು. ಬಾಯಿ ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ದೊಡ್ಡ ಮಾಸ್ತರರಿಗೆ ಲಿಂಗಸುಗೂರಿನ ಕಡೆಗೆ ವರ್ಗವಾಯಿತು.

ಹೋಗುವಾಗ ಒಂದು ನೋಟುಪುಸ್ತಕ ಕೈಗಿಟ್ಟು, “ಹುಡುಗರ ಬಗ್ಗೆ ಬರ್ದೀನಿ, ನೋಡ್ಕೊ” ಎಂದರು. ನನಗೆ ತೆರೆಯಲು ಮುಖವಿರಲಿಲ್ಲ, ಪೆಟ್ಟಿಗೆಗೆ ಹಾಕಿದೆ. ಎರಡು ವರ್ಷದ ಮೇಲೆ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅವರು ತೀರಿಕೊಂಡ ಸುದ್ದಿ ಹೇಳಿದರು. ಮನೆಗೆ ಬಂದು ಆ ನೋಟುಪುಸ್ತಕ ತೆಗೆದೆ. ಒಂದೊಂದು ಮಗುವಿಗೆ ಒಂದೆರಡು ಸಾಲು. ಆ ಹುಡುಗಿಯದು: “ಇಣಚಿ ಅನ್ನುತ್ತಾಳೆ. ಸರಿ.” ಕೊನೆಯ ಪುಟದಲ್ಲಿ ನಾನಿದ್ದೆ: “ಹೊಸ ಮಾಸ್ತರ. ಬೈಯಬಾರದು, ಬೈದರೆ ಪುಸ್ತಕದ ಹಿಂದೆ ಅಡಗುತ್ತಾನೆ. ಮಕ್ಕಳನ್ನು ನೋಡಲು ಕಲಿಯುತ್ತಾನೆ, ತಡವಾದೀತು.”

ಆಮೇಲೆ ಎಷ್ಟೋ ಕೈಪಿಡಿಗಳು ಬಂದವು, ಹೋದವು. ನನಗೂ ಸಾಕಾಗಿದೆ, ನನ್ನ ಮೊಣಕಾಲೂ ಈಗ ಲಟಕ್ಕೆನ್ನುತ್ತದೆ. ಕಲಿತೆ, ತಡವಾಗಿಯೇ. ಕಲಿತೆನೆಂದು ಹೇಳಲು ಅವರಿರಲಿಲ್ಲ.